ಸಹಾಯ ಬೇಕು: ಕಾಂಡಕೊರಕದ ಮೀಸೆಗೆ ಆರ್ಕೊ ಆಂಟಿಬಾಡಿ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಪಿಎಚ್‌ಡಿ ವಿದ್ಯಾರ್ಥಿನಿ. ಅರೇಬಿಕಾ ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ದುಂಬಿಯ ಮೀಸೆಯಲ್ಲಿ ವಾಸನೆ ಹಿಡಿಯುವ ನರಕೋಶಗಳು ಎಲ್ಲೆಲ್ಲಿವೆ ಅಂತ ನೋಡಬೇಕಿದೆ. ಅದಕ್ಕೆ ಆರ್ಕೊ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹುಡುಕ್ತಿದ್ದೀನಿ. ಕೀಟಗಳಲ್ಲಿ ವಾಸನೆ ಗುರುತಿಸುವ ಓಆರ್ ಗುಂಪಿನ ರಿಸೆಪ್ಟರ್‌ಗಳು ಒಂಟಿಯಾಗಿ ಕೆಲಸ ಮಾಡಲ್ಲ, ಆರ್ಕೊ ಜೊತೆಗಿರಬೇಕು. ಕೀಟದಿಂದ ಕೀಟಕ್ಕೆ ಇದರ ಅಮೈನೋ ಆಮ್ಲಗಳ ಸರಣಿ ಹೆಚ್ಚು ಬದಲಾಗಿಲ್ಲ, ಅದರಲ್ಲೂ ಸಿ-ತುದಿಯ (ಪ್ರೋಟೀನ್ ಸರಪಳಿಯ ಕೊನೆಯ) ಕಡೆ. ಹಾಗಾಗಿ ಹಣ್ಣುನೊಣಕ್ಕೋ ಪತಂಗಕ್ಕೋ ಮಾಡಿದ್ದು ನಮ್ಮ ದುಂಬಿಗೂ ಅಂಟಬಹುದು ಅನ್ನೋ ಆಸೆ.

ಯಾರ ಫ್ರೀಜರ್‌ನಲ್ಲಾದರೂ ಇದ್ದರೆ ಹತ್ತು ಮೈಕ್ರೋಲೀಟರ್ ಕೊಡ್ತೀರಾ? ಮೊಲದಲ್ಲಿ ತಯಾರಿಸಿದ್ದಾದರೆ ಅನುಕೂಲ, ಅದಕ್ಕೆ ಅಂಟುವ ಸೆಕೆಂಡರಿ ಆಂಟಿಬಾಡಿ ನಮ್ಮಲ್ಲಿದೆ. ಯಾವ ಪೆಪ್ಟೈಡ್ (ಪ್ರೋಟೀನಿನ ತುಣುಕು) ಬಳಸಿ ಮಾಡಿದ್ದು ಅಂತಲೂ ತಿಳಿಸಿ. ಅದೇ ಪೆಪ್ಟೈಡ್ ಸಿಕ್ಕರೆ ಬ್ಲಾಕಿಂಗ್ ಕಂಟ್ರೋಲ್ ಹಾಕಬಹುದು (ಅದನ್ನ ಆಂಟಿಬಾಡಿಗೆ ಮೊದಲೇ ಬೆರೆಸಿದರೆ ಗುರುತು ಮಾಯವಾಗಬೇಕು). ಇಂಥ ಪೊರೆ ಪ್ರೋಟೀನ್‌ಗಳ ಆಂಟಿಬಾಡಿಯನ್ನ ಬರೀ ಕ್ಯಾಟಲಾಗಿನ ಚಿತ್ರ ನೋಡಿ ನಂಬೋಕೆ ನಾನಂತೂ ತಯಾರಿಲ್ಲ.

ಇನ್ನೊಂದೆರಡು ಸಂಶಯ. ಹಣ್ಣುನೊಣದ ಆರ್ಕೊ ಸುಮಾರು 54 ಕಿಲೋಡಾಲ್ಟನ್. ಪ್ರೋಟೀನುಗಳನ್ನ ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ಗೆ ಸ್ಯಾಂಪಲ್ಲನ್ನ 95 ಡಿಗ್ರಿಗೆ ಬಿಸಿ ಮಾಡಿದರೆ ಇಂಥ ಪ್ರೋಟೀನು ಗಂಟುಕಟ್ಟಿ ಜೆಲ್‌ನ ಮೇಲ್ತುದಿಯಲ್ಲೇ ಕೂತುಬಿಡಬಹುದು. ನೀವು 37 ಡಿಗ್ರಿಯಲ್ಲಿ ಇಡ್ತೀರಾ? ಎಷ್ಟು ಹೊತ್ತು? ಮೀಸೆಯ ಹೊರಕವಚ ಬೇರೆ ಮೈಕ್ರೋಸ್ಕೋಪಿನ ಹಸಿರು ಚಾನೆಲ್‌ನಲ್ಲಿ ತಾನಾಗೇ ಹೊಳೆಯುತ್ತೆ (ಆಂಟಿಬಾಡಿ ಹಾಕದಿದ್ದರೂ!). ಫಾರ್-ರೆಡ್ (ಕಡುಕೆಂಪಲ್ಲಿ ಹೊಳೆಯುವ) ಬಣ್ಣ ಬಳಸಿ ನೋಡಿದವರು ಅನುಭವ ಹೇಳಿ.

ಬೆಂಗಳೂರಲ್ಲಿ ಇರೋರಾದ್ರೆ ನಾನೇ ಐಸ್ ಡಬ್ಬ ಹಿಡ್ಕೊಂಡು ಬರ್ತೀನಿ. ಮಳೆ ಮುಗಿದ ಮೇಲಿನ ದುಂಬಿ ಹಾರಾಟ ಅಕ್ಟೋಬರ್‌ಗೆ ಶುರು, ಅಷ್ಟರೊಳಗೆ ಸಿಕ್ಕರೆ ದೊಡ್ಡ ಉಪಕಾರ.