ಎಲ್ಲದಕ್ಕೂ ಕಾಲ್ ಮಾಡುವವರ ಎದುರು ಪೋಕರ್ ಟೂರ್ನಮೆಂಟ್ ಆಡುವುದು ಹೇಗೆ?

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ತಿಂಗಳ ಮೊದಲ ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿ ಗೆಳೆಯನ ಮನೆ ಮಹಡಿಯ ಮೇಲೆ ನಾವು ಪೋಕರ್ ಟೂರ್ನಮೆಂಟ್ ಆಡುತ್ತೇವೆ. ದುಡ್ಡಿನ ಆಟ ಅಲ್ಲ. ಗೆದ್ದವರ ಹೆಸರನ್ನು ಒಂದು ಕಪ್ ಮೇಲೆ ಬರೆಸುತ್ತೇವೆ, ಅಷ್ಟೇ. 18 ಜನ, ಎರಡು ಟೇಬಲ್, ತಲಾ 5000 ಚಿಪ್ಸ್. ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ಚಿಪ್ಸ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್) 25-50ರಿಂದ ಶುರು, 15 ನಿಮಿಷಕ್ಕೊಮ್ಮೆ ಡಬಲ್.

ನಾನು ಒಂದು ವರ್ಷದಿಂದ ಓದಿ, ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ಉಳಿದವರಲ್ಲಿ ಹೆಚ್ಚಿನವರು ಯುಗಾದಿ ಹೊಸತೊಡಕಿಗೆ ಊರಲ್ಲಿ ಮೂರೆಲೆ ಆಡಿ ಬೆಳೆದವರು. ಯಾರೂ ಎಲೆ ಬಿಡುವುದಿಲ್ಲ. ಗೆಳೆಯನ ಚಿಕ್ಕಪ್ಪ ಒಬ್ಬರಿದ್ದಾರೆ, ಎಲೆ ನೋಡುವ ಮೊದಲೇ ಚಿಪ್ಸ್ ಮುಂದೆ ತಳ್ಳುತ್ತಾರೆ.

ಹೋದ ಸಲದ ಆಟ ಹೇಳುತ್ತೇನೆ. ಬ್ಲೈಂಡ್ 50-100, ನನ್ನ ಹತ್ತಿರ ಹೆಚ್ಚುಕಡಿಮೆ 5000 ಇತ್ತು. ಎಕ್ಕ-ರಾಜ ಬಂತು, 300ಕ್ಕೆ ಏರಿಸಿದೆ. ನಾಲ್ಕು ಜನ ಕಾಲ್ ಮಾಡಿದರು, ಅಂದರೆ ಅಷ್ಟೇ ಚಿಪ್ಸ್ ಹಾಕಿ ಜೊತೆಗೆ ಬಂದರು, ಬಿಗ್ ಬ್ಲೈಂಡ್‌ನಲ್ಲಿದ್ದ ಚಿಕ್ಕಪ್ಪನೂ ಸೇರಿ. ಪಾಟ್ (ಮಧ್ಯದಲ್ಲಿ ಕೂಡಿದ ಚಿಪ್ಸ್) 1550. ಫ್ಲಾಪ್‌ನಲ್ಲಿ (ಟೇಬಲ್ ಮೇಲೆ ಎಲ್ಲರಿಗೂ ಸೇರಿ ಬೀಳುವ ಮೊದಲ ಮೂರು ಎಲೆ) ರಾಜ, 9, 4, ಅದರಲ್ಲಿ 9 ಮತ್ತು 4 ಆಟಿನ್. ನಾನು 500 ಹಾಕಿದೆ, ಮೂವರು ಬಂದರು, ಕೊನೆಗೆ ಬಂದವರು ಚಿಕ್ಕಪ್ಪ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಕಳಾವರ್ 2. ನಾನು 1000 ಹಾಕಿದೆ, ಒಬ್ಬರು ಬಂದರು, ಚಿಕ್ಕಪ್ಪನೂ ಬಂದರು. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಆಟಿನ್ 7. ಅಲ್ಲಿತನಕ ಬರೀ ಕಾಲ್ ಮಾಡುತ್ತಿದ್ದ ಚಿಕ್ಕಪ್ಪ ಒಮ್ಮೆಲೇ ಆಲ್ ಇನ್ ಅಂದರು, ಇದ್ದದ್ದೆಲ್ಲ ಮುಂದಿಟ್ಟರು. ನನ್ನ ಹತ್ತಿರ 3200 ಉಳಿದಿತ್ತು, ಎಕ್ಕ-ರಾಜ ಬಿಡಲು ಮನಸ್ಸು ಬರಲಿಲ್ಲ, ಕಾಲ್ ಮಾಡಿದೆ. ಅವರ ಕೈಯಲ್ಲಿ ಆಟಿನ್ 10 ಮತ್ತು 5. ನಾನು ಹೊರಗೆ.

ಇಂಥವರ ಎದುರು ಕಲಿತದ್ದೆಲ್ಲ ದಂಡ ಅನ್ನಿಸುತ್ತಿದೆ. ಒಳ್ಳೆ ಎಲೆ ಬಂದರೂ ಐದು ಜನ ಬಂದು ಯಾರಾದರೂ ಒಬ್ಬರು ಹೊಡೆಯುತ್ತಾರೆ. ಎಲೆ ಇಲ್ಲದೆಯೂ ಇದ್ದಂತೆ ಚಿಪ್ಸ್ ಹಾಕಿ ಬ್ಲಫ್ ಮಾಡಿದರೆ ಎರಡರ ಜೋಡಿ ಹಿಡಿದುಕೊಂಡೂ ಕಾಲ್ ಮಾಡುತ್ತಾರೆ. ಏನು ಮಾಡಬೇಕು, ದಯವಿಟ್ಟು ಹೇಳಿ.

ಲೆಕ್ಕದಮೇಷ್ಟ್ರು, ಸರಸ್ವತಿಪುರಂ:

ಬಹಳ ಚೆನ್ನಾಗಿ ವಿವರ ಕೊಟ್ಟಿದ್ದೀರಿ, ಹಾಗಾಗಿ ಲೆಕ್ಕ ಹಾಕಿ ಹೇಳಬಹುದು. ಮೊದಲು ಒಂದು ಮಾತು. ಚಿಕ್ಕಪ್ಪ ಫ್ಲಾಪ್‌ನಲ್ಲಿ ಮಾಡಿದ ಕಾಲ್ ತಪ್ಪಲ್ಲ. ಅದನ್ನು ಸರಿ ಮಾಡಿಕೊಟ್ಟವರು ನೀವು.

ನೋಡಿ. ಅವರಿಗೆ ಎರಡು ಆಟಿನ್ ಕೈಯಲ್ಲಿ, ಎರಡು ಟೇಬಲ್ ಮೇಲೆ. ಕಾಣದಿರುವ ಎಲೆ 47, ಅದರಲ್ಲಿ ಆಟಿನ್ 9. ಮುಂದಿನ ಒಂದೇ ಎಲೆಗೆ ಕಲರ್ (ಒಂದೇ ಬಣ್ಣದ, ಅಂದರೆ ಒಂದೇ ಜಾತಿಯ, ಐದು ಎಲೆ) ಆಗುವ ಸಾಧ್ಯತೆ ನೂರಕ್ಕೆ 19. ನೀವು 500 ಹಾಕಿ, ಇಬ್ಬರು ಬಂದ ಮೇಲೆ ಅವರ ಸರದಿ ಬಂದಾಗ ಪಾಟ್‌ನಲ್ಲಿ 3050 ಇತ್ತು. ಅಂದರೆ 3050 ಗೆಲ್ಲಲು 500 ಕೊಟ್ಟರೆ ಸಾಕು. ಇದಕ್ಕೆ ನೂರಕ್ಕೆ 14 ಸಲ ಗೆದ್ದರೂ ನಷ್ಟ ಇಲ್ಲ. ಟರ್ನ್‌ನಲ್ಲೂ ಅದೇ ಕಥೆ. 5550 ಗೆಲ್ಲಲು 1000, ಬೇಕಾದದ್ದು ನೂರಕ್ಕೆ 15, ಅವರಿಗೆ ಇದ್ದದ್ದು ಹತ್ತಿರ ಹತ್ತಿರ 20. ಅವರು ಈ ಲೆಕ್ಕ ಹಾಕಿರಲಿಕ್ಕಿಲ್ಲ, ಆದರೆ ಲೆಕ್ಕ ಅವರ ಕಡೆಗೇ ಇತ್ತು.

ಫ್ಲಾಪ್‌ನಲ್ಲೇ 1200 ಹಾಕಿದ್ದರೆ? ಮಧ್ಯದ ಇಬ್ಬರಲ್ಲಿ ಒಬ್ಬರಾದರೂ ಬಿಡುತ್ತಿದ್ದರೋ ಏನೋ. ಚಿಕ್ಕಪ್ಪ ಒಬ್ಬರೇ ಬಂದಿದ್ದರೆ 2750 ಗೆಲ್ಲಲು 1200 ಕೊಡಬೇಕಿತ್ತು, ಅದಕ್ಕೆ ನೂರಕ್ಕೆ 30 ಬೇಕು, ಅವರಿಗಿರುವುದು 19. ಆಗಲೂ ಅವರು ಬರುತ್ತಾರೆ. ಬರಲಿ ಬಿಡಿ, ನಮಗೆ ಬೇಕಾದದ್ದೇ ಅದು, ಅಲ್ವಾ? ಬಿಡದವರನ್ನು ಬಿಡಿಸಲು ಹೋಗಬಾರದು, ಅವರು ಕೊಡುವ ಬೆಲೆಯನ್ನು ಏರಿಸಬೇಕು. ವಿಡಿಯೋಗಳಲ್ಲಿ ಪಾಟ್‌ನ ಮೂರರಲ್ಲಿ ಒಂದು ಭಾಗ ಹಾಕಿ ಅನ್ನುತ್ತಾರಲ್ಲ, ಅದು ಎದುರಿನವರು ಎಲೆ ಬಿಡುವ ಆಟಕ್ಕೆ. ನಿಮ್ಮ ಮಹಡಿಯ ಆಟಕ್ಕೆ ಅದು ಸಾಲದು. ಫ್ಲಾಪ್‌ಗೆ ಮೊದಲೂ 300 ಕಡಿಮೆ ಆಯಿತು. ನಿಮ್ಮವರು 300ಕ್ಕೆ ಬರುವ ಹಾಗೇ 500ಕ್ಕೂ ಬರುತ್ತಾರಾ, 600ಕ್ಕೂ ಬರುತ್ತಾರಾ ಅಂತ ಒಂದು ಸಂಜೆ ಗಮನಿಸಿ. ಯಾವ ಮೊತ್ತಕ್ಕೆ ಐದು ಜನ ಎರಡಾಗುತ್ತಾರೋ ಅದೇ ನೀವು ಏರಿಸಬೇಕಾದ ಮೊತ್ತ.

ಇನ್ನು ರಿವರ್. 3200 ಹಾಕಿ 9750 ಗೆಲ್ಲಬೇಕಿತ್ತು, ನಾಲ್ಕರಲ್ಲಿ ಒಂದು ಸಲ ನೀವು ಮುಂದಿದ್ದರೂ ಸಾಕು. ಬರೀ ಪಾಟ್ ನೋಡಿದರೆ ಕಾಲ್ ಮಾಡಬೇಕು ಅನ್ನಿಸುತ್ತದೆ, ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ ಸಂಜೆಯೆಲ್ಲ ಬರೀ ಕಾಲ್ ಮಾಡಿದವರು ಮೂರನೇ ಆಟಿನ್ ಬಿದ್ದ ತಕ್ಷಣ ಆಲ್ ಇನ್ ಅಂದರೆ ಅವರ ಹತ್ತಿರ ಎಲೆ ಇದೆ. ಹತ್ತರಲ್ಲಿ ಒಂದು ಸಲವೂ ಸುಳ್ಳಿರುವುದಿಲ್ಲ. ಅಲ್ಲಿ ಎಕ್ಕ-ರಾಜ ಬಿಡಲೇಬೇಕು. ನಾನು ಮೇಲೆ ಹೇಳಿದ 1200ರ ಲೆಕ್ಕ ನಿಲ್ಲುವುದೂ ನೀವು ಅಲ್ಲಿ ಬಿಡಬಲ್ಲವರಾದರೆ ಮಾತ್ರ. ಕಲರ್ ಆದ ಮೇಲೂ ಅವರಿಗೆ ನಿಮ್ಮ ಉಳಿದ ಚಿಪ್ಸ್ ಎಲ್ಲ ಸಿಗುತ್ತದೆ ಅಂತಾದರೆ ಅವರು 1200 ಕೊಟ್ಟು ಬಂದದ್ದೂ ಸರಿಯೇ ಆಗಿಬಿಡುತ್ತದೆ.

ಐದು ಜನ ಬಂದರೆ ಒಬ್ಬರು ಹೊಡೆಯುತ್ತಾರೆ ಅಂದಿರಲ್ಲ, ನಿಜ. ಎಕ್ಕದ ಜೋಡಿಯೇ ಇದ್ದರೂ, ಒಬ್ಬರ ಯಾವುದೋ ಎರಡು ಎಲೆಯ ಎದುರು ನೂರಕ್ಕೆ 85 ಸಲ ಗೆಲ್ಲುವುದು, ಐದು ಜನರ ಎದುರು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಪಾಟ್‌ನಲ್ಲಿ ನಿಮ್ಮ ಚಿಪ್ಸ್ ಆರರಲ್ಲಿ ಒಂದು ಪಾಲು. ಆರರಲ್ಲಿ ಒಂದು ಹಾಕಿ ಅರ್ಧ ಸಲ ಎಲ್ಲವನ್ನೂ ಎತ್ತಿಕೊಳ್ಳುವ ಆಟಕ್ಕೆ ಬೇಜಾರಾಗಬೇಡಿ.

ಪಡುವಾರಹಳ್ಳಿ ಹುಡುಗ:

ಮೇಷ್ಟ್ರು ಹೇಳಿದ್ದಕ್ಕೆ ನಾನು ಸೇರಿಸುವುದು ಒಂದೇ. ಬ್ಲಫ್ ಮಾಡಬೇಡಿ. ಒಂದೂ ಬೇಡ.

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್‌ನಲ್ಲಿ 839 ಜನರಲ್ಲಿ ಕ್ರಿಸ್ ಮನಿಮೇಕರ್ ಗೆದ್ದರಲ್ಲ, ಕೊನೆಗೆ ಇಬ್ಬರೇ ಉಳಿದಾಗ ಅವರು ಸ್ಯಾಮ್ ಫಾರ್ಹಾ ಮೇಲೆ ಮಾಡಿದ ಬ್ಲಫ್ ನೋಡಿಯೇ ನಮ್ಮಲ್ಲಿ ಎಷ್ಟೋ ಜನ ಈ ಆಟಕ್ಕೆ ಬಂದವರು. ಮನಿಮೇಕರ್ ಕೈಯಲ್ಲಿ ಏನೂ ಇರಲಿಲ್ಲ, ಫಾರ್ಹಾಗೆ ಒಂಬತ್ತರ ಜೋಡಿ ಇತ್ತು, ಆದರೂ ಫಾರ್ಹಾ ಎಲೆ ಬಿಟ್ಟರು. ಅದು ನಡೆದದ್ದು ಫಾರ್ಹಾ ಪಳಗಿದ ಆಟಗಾರ ಆಗಿದ್ದರಿಂದ. ಎದುರಿನವರು ಏನು ಹಿಡಿದಿರಬಹುದು ಅಂತ ಯೋಚಿಸುವವರಿಗೆ ಮಾತ್ರ ಬ್ಲಫ್ ಕೇಳಿಸುತ್ತದೆ. ತನ್ನ ಎಲೆಯನ್ನಷ್ಟೇ ನೋಡುವ ಚಿಕ್ಕಪ್ಪ ಕೂತಿದ್ದರೆ ಒಂಬತ್ತರ ಜೋಡಿಗೆ ಕಣ್ಣು ಮುಚ್ಚಿ ಕಾಲ್ ಮಾಡುತ್ತಿದ್ದರು.

ಇನ್ನೊಂದು ವಿಷಯ, ಇದು ಅನುಭವದಿಂದ ಹೇಳುತ್ತಿರುವುದು. ಟೇಬಲ್ ಮೇಲೆ ಒಂದೇ ಬಣ್ಣದ ಮೂರು ಎಲೆ ಬಿದ್ದಾಗ ಯಾರು ತಮ್ಮ ಎರಡು ಎಲೆಯ ಮೂಲೆ ಮತ್ತೆ ಎತ್ತಿ ನೋಡುತ್ತಾರೆ ಅಂತ ಗಮನಿಸಿ. ಕಲರ್ ಆಗಿಹೋದವರು ನೋಡುವುದಿಲ್ಲ, ಎರಡೂ ಒಂದೇ ಬಣ್ಣ ಅಂತ ಅವರಿಗೆ ಮೊದಲಿಂದ ನೆನಪಿರುತ್ತದೆ. ಹೆಬ್ಬೆರಳಿನಲ್ಲಿ ಮೂಲೆ ಎತ್ತಿ, ಒಂದು ಗಳಿಗೆ ನೋಡಿ, ಮತ್ತೆ ಚಪ್ಪಟೆ ಮಾಡಿ ಇಡುವವರು ತಮ್ಮ ಹತ್ತಿರ ಆ ಬಣ್ಣದ ಒಂದು ಎಲೆಯಾದರೂ ಇದೆಯಾ ಅಂತ ಹುಡುಕುತ್ತಿರುತ್ತಾರೆ. ಹೊಸಬರಲ್ಲಿ ಇದು ಬಹಳ ಸಲ ಸರಿಯಾಗಿರುತ್ತದೆ. ಟೇಬಲ್ ನೋಡಬೇಡಿ, ಕೈ ನೋಡಿ.

ಕುಕ್ಕರಹಳ್ಳಿ ಕೆರೆ:

ಇಬ್ಬರೂ ಹೇಳಿದ್ದು ಸರಿ, ಆದರೆ ಮುಖ್ಯವಾದದ್ದು ಉಳಿದುಹೋಯಿತು. ಇದು ಟೂರ್ನಮೆಂಟ್. ಇಂಥ ಟೇಬಲ್‌ಗೆ ಸಾಮಾನ್ಯವಾಗಿ ಕೊಡುವ ಸಲಹೆ ಅಂದರೆ ಸುಮ್ನೆ ಕೂತು ಒಳ್ಳೆ ಎಲೆಗೆ ಕಾಯಿರಿ ಅಂತ. ನಿಮ್ಮ ಬ್ಲೈಂಡ್‌ನಲ್ಲಿ ಅದು ಆಗುವುದಿಲ್ಲ.

25-50, 50-100, 100-200, 200-400, ಅಲ್ಲಿಗೆ ಒಂದು ಗಂಟೆ ಮುಗಿಯಿತು. ಐದನೆಯದು 400-800. ಶುರುವಿನಲ್ಲಿ 5000 ಅಂದರೆ 100 ಬಿಗ್ ಬ್ಲೈಂಡ್ ಇತ್ತು, ಒಂದು ಗಂಟೆ ಆದ ಮೇಲೆ ಅದೇ 5000ಕ್ಕೆ ಆರು ಬಿಗ್ ಬ್ಲೈಂಡ್ ಚಿಲ್ಲರೆ. ಈಗ ಎಲೆ ಎಷ್ಟು ಸಲ ಬರುತ್ತದೆ ನೋಡಿ. ಎರಡು ಎಲೆ ಒಟ್ಟು 1326 ಬಗೆಯಲ್ಲಿ ಬರಬಹುದು. ಹತ್ತರ ಜೋಡಿಯಿಂದ ಎಕ್ಕದ ಜೋಡಿತನಕ 30 ಬಗೆ, ಎಕ್ಕ-ರಾಜ 16, ಎಕ್ಕ-ರಾಣಿ 16. ಒಟ್ಟು 62. ಅಂದರೆ ಸುಮಾರು 21 ಆಟಕ್ಕೆ ಒಂದು. ಹೊಸಬರ ಜೊತೆ ಕೈಯಲ್ಲೇ ಕಲೆಸಿ, ಹಂಚಿ, ಮಧ್ಯೆ ಚುರುಮುರಿ ತಿಂದು ಆಡಿದರೆ ಗಂಟೆಗೆ 25 ಆಟ ಆದರೆ ಜಾಸ್ತಿ. ಕಾಯುತ್ತಾ ಕೂತರೆ ಇಡೀ ಗಂಟೆಗೆ ಒಂದೇ ಒಂದು ಒಳ್ಳೆ ಎಲೆ. ಅದನ್ನೂ ಚಿಕ್ಕಪ್ಪ ಹೊಡೆದರೆ ಮುಗಿಯಿತು.

ಹಾಗಾಗಿ ನಾನು ಮೊದಲ ಅರ್ಧ ಗಂಟೆ ಒಂದು ಥರ, ಆಮೇಲೆ ಇನ್ನೊಂದು ಥರ ಆಡುತ್ತೇನೆ. ಮೊದಲ ಎರಡು ಹಂತದಲ್ಲಿ ಕಡಿಮೆ ಖರ್ಚಿನಲ್ಲಿ ಫ್ಲಾಪ್ ನೋಡಲು ಸಿಗುತ್ತದೆ, ಆಗ 3-3, 5-5 ಅಂಥ ಚಿಕ್ಕ ಜೋಡಿಗಳನ್ನು ಬಿಡಬೇಡಿ, ಅದರಲ್ಲೂ ನಿಮ್ಮ ಸರದಿ ಕೊನೆಗೆ ಬರುವಾಗ. ಫ್ಲಾಪ್‌ನಲ್ಲಿ ಅದೇ ಎಲೆ ಇನ್ನೊಂದು ಬೀಳುವುದು ಎಂಟು ಸಲಕ್ಕೊಮ್ಮೆ. ಬೀಳದಿದ್ದರೆ ಬಿಟ್ಟುಬಿಡಿ, ಬಿದ್ದರೆ ಅಡಗಿಸಿ ಆಡಬೇಡಿ, ನೇರವಾಗಿ ದೊಡ್ಡದು ಹಾಕಿ. ರಾಜನ ಜೋಡಿ ಹಿಡಿದವರೆಲ್ಲ ನಿಮ್ಮ ಜೊತೆ ಕೊನೆತನಕ ಬರುತ್ತಾರೆ. ನಾನು ಡಬಲ್ ಆದದ್ದರಲ್ಲಿ ಹೆಚ್ಚಿನವು ಹೀಗೇ.

100-200 ದಾಟಿದ ಮೇಲೆ ಆಟ ಬದಲಾಗುತ್ತದೆ. ಹತ್ತು ಬಿಗ್ ಬ್ಲೈಂಡ್‌ಗಿಂತ ಕೆಳಗೆ ಬಂದರೆ ಆಲ್ ಇನ್ ಇಲ್ಲವೇ ಫೋಲ್ಡ್ (ಎಲೆ ಬಿಡುವುದು), ಮಧ್ಯದ ದಾರಿ ಇಲ್ಲ. ಇಲ್ಲೂ ಯಾವ ಎಲೆಗೆ ಆಲ್ ಇನ್ ಅಂತ ಹೇಳುವ ಪುಸ್ತಕದ ಪಟ್ಟಿ ನಮಗೆ ಪೂರ್ತಿ ಸರಿಹೋಗುವುದಿಲ್ಲ. ಅದರಲ್ಲಿ ಒಂದೇ ಬಣ್ಣದ 8-7 ಥರದವೂ ಇರುತ್ತವೆ, ಏಕೆಂದರೆ ಎದುರಿನವರು ಬಿಡುತ್ತಾರೆ ಅನ್ನುವ ನಂಬಿಕೆ ಅಲ್ಲಿದೆ. ನಿಮ್ಮಲ್ಲಿ ಯಾರೂ ಬಿಡುವುದಿಲ್ಲ. ತೋರಿಸಿದಾಗ ಗೆಲ್ಲುವ ಎಲೆ ಬೇಕು. ಯಾವುದೇ ಜೋಡಿ, ಎಕ್ಕದ ಜೊತೆ ಹತ್ತು ಅಥವಾ ಅದಕ್ಕೆ ಮೇಲಿನ ಯಾವುದಾದರೂ, ರಾಜ-ರಾಣಿ. ಇಷ್ಟು ಸೇರಿದರೆ 158 ಬಗೆ, ಎಂಟು ಆಟಕ್ಕೆ ಒಂದು ಸಿಗುತ್ತದೆ. ತೀರಾ ನಾಲ್ಕೈದು ಬ್ಲೈಂಡ್ ಉಳಿದಿದ್ದರೆ ಎಕ್ಕದ ಜೊತೆ ಏನಿದ್ದರೂ ಹಾಕಿ. ಎಕ್ಕ-2 ಕೂಡ ಒಬ್ಬರ ಯಾವುದೋ ಎರಡು ಎಲೆಯ ಎದುರು ಅರ್ಧಕ್ಕಿಂತ ಜಾಸ್ತಿ ಗೆಲ್ಲುತ್ತದೆ.

ಲೆಕ್ಕದಮೇಷ್ಟ್ರು, ಸರಸ್ವತಿಪುರಂ:

ಕೆರೆಯವರೇ, ಕೊನೆಯ ಭಾಗಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಚಿಕ್ಕ ಜೋಡಿ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಎಂಟರಲ್ಲಿ ಏಳು ಸಲ ಆ ಚಿಪ್ಸ್ ಹೋಗುತ್ತದೆ. 25-50ರಲ್ಲಿ 50 ಕೊಟ್ಟು ನೋಡಬಹುದು. 50-100ರಲ್ಲಿ ಯಾರೋ 400ಕ್ಕೆ ಏರಿಸಿದ ಮೇಲೂ 3-3 ಹಿಡಿದು ಹೋದರೆ, ನಿಮ್ಮ ಹತ್ತಿರದ ಚಿಪ್ಸ್‌ನ ಹನ್ನೆರಡರಲ್ಲಿ ಒಂದು ಭಾಗ ಒಂದೇ ನೋಟಕ್ಕೆ. ಅದು ದುಬಾರಿ.

ಕೆ.ಆರ್. ಮೊಹಲ್ಲಾ ಅಕ್ಕ:

ನಾನು ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇಂಥ ಟೂರ್ನಮೆಂಟ್ ನಡೆಸುವವಳು, ಅದಕ್ಕೆ ಈ ಮಾತು. ಆಟಕ್ಕಿಂತ ಮೊದಲು ಬ್ಲೈಂಡ್ ಸರಿ ಮಾಡಿಸಿ. 15 ನಿಮಿಷಕ್ಕೆ ಡಬಲ್ ಮಾಡಿದರೆ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಕಾಣುವ ಮೊದಲೇ ಆಟ ಮುಗಿಯುತ್ತದೆ. ನಾವು 20 ನಿಮಿಷಕ್ಕೊಮ್ಮೆ 25-50, 50-100, 75-150, 100-200, 150-300, 200-400 ಹೀಗೆ ಹೋಗುತ್ತೇವೆ. ಒಂದು ಗಂಟೆ ಆದಾಗ 100-200, ಆಗಲೂ 5000 ಇದ್ದವರಿಗೆ 25 ಬ್ಲೈಂಡ್ ಇರುತ್ತದೆ. ಆಟ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಬೆಳಗ್ಗೆ ಬೇಗ ಶುರು ಮಾಡಿದರೆ ಊಟದ ಹೊತ್ತಿಗೆ ಒಂದೇ ಟೇಬಲ್‌ಗೆ ಬರುತ್ತೀರಿ.

ದುಡ್ಡಿಲ್ಲದೆ ಆಡುತ್ತಿರುವುದು ಬಹಳ ಒಳ್ಳೆಯದು, ಹಾಗೇ ಇರಲಿ. 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವುದನ್ನು ನಿಷೇಧಿಸಿದೆ. ಅದಾದ ಮೇಲೆ ಕಲಿಯಬೇಕೆನ್ನುವವರಿಗೆ ಇಂಥ ಮನೆ ಟೇಬಲ್‌ಗಳೇ ಶಾಲೆ. ಇನ್ನೊಂದು ಮಾತು ತಮ್ಮ, ಬೇಜಾರು ಮಾಡಿಕೊಳ್ಳಬೇಡಿ. ಸೋತಾಗ ಚಿಕ್ಕಪ್ಪನಿಗೆ ಹತ್ತು-ಐದು ಯಾಕೆ ಆಡಿದಿರಿ ಅಂತ ಪಾಠ ಮಾಡಲು ಹೋಗಬೇಡಿ. ನಮ್ಮಲ್ಲಿ ಒಬ್ಬರು ಹಾಗೆ ಮಾಡಿ ಮಾಡಿ, ದೊಡ್ಡವರು ಇಬ್ಬರು ಬರುವುದನ್ನೇ ನಿಲ್ಲಿಸಿದರು. ಅವರು ಖುಷಿಯಿಂದ ಬಂದು ಕೂತರೆ ತಾನೇ ಟೇಬಲ್ ಇರುವುದು.

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರ ಲೆಕ್ಕವನ್ನು ನಿನ್ನೆ ರಾತ್ರಿ ಎರಡು ಸಲ ಹಾಕಿ ನೋಡಿದೆ. ಚಿಕ್ಕಪ್ಪನ ಕಾಲ್ ಸರಿ ಅನ್ನುವುದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕ ಹೇಳಿದ ಬ್ಲೈಂಡ್ ಪಟ್ಟಿಯನ್ನು ಗೆಳೆಯನಿಗೆ ಕಳಿಸಿದೆ, ಆಗಲಿ ಅಂದಿದ್ದಾನೆ. ಈ ಭಾನುವಾರ ಮಂಡ್ಯದಿಂದ ಬೆಳಗಿನ ರೈಲಿಗೇ ಹೊರಡುತ್ತೇನೆ.

ಒಂದು ಅನುಮಾನ ಉಳಿದಿದೆ. ಎಲ್ಲರೂ ಬರೀ ಕಾಲ್ ಮಾಡಿ ಬಂದಿದ್ದಾರೆ, ನಾನು ಬಿಗ್ ಬ್ಲೈಂಡ್, ಕೈಯಲ್ಲಿ ಎಕ್ಕ-ರಾಣಿ. ಐದು ಜನ ಇದ್ದಾರೆ. ಏರಿಸಬೇಕಾ, ಸುಮ್ಮನಿರಬೇಕಾ?

ಲೆಕ್ಕದಮೇಷ್ಟ್ರು, ಸರಸ್ವತಿಪುರಂ:

ಏರಿಸಿ, ಅದೂ ದೊಡ್ಡದಾಗಿ. 50-100ರಲ್ಲಿ ಐದು ಜನ ಬಂದಿದ್ದರೆ 800 ಆದರೂ ಇಡಿ. ಫ್ಲಾಪ್ ನಂತರ ಎಲ್ಲರಿಗಿಂತ ಮೊದಲು ಆಡಬೇಕಾದವರಲ್ಲಿ ನೀವೂ ಒಬ್ಬರು, ಅಷ್ಟೂ ಜನ ಬರುವುದು ಆಗ ನಿಮಗೆ ಒಳ್ಳೆಯದಲ್ಲ. ಎಕ್ಕವೋ ರಾಣಿಯೋ ಬೀಳದಿದ್ದರೆ, ಇಬ್ಬರಿಗಿಂತ ಜಾಸ್ತಿ ಉಳಿದಿದ್ದರೆ, ಮತ್ತೆ ಒಂದು ಚಿಪ್ ಕೂಡ ಹಾಕಬೇಡಿ. ಭಾನುವಾರ ಏನಾಯಿತು ಅಂತ ಬಂದು ಬರೆಯಿರಿ.