ಐದು ಸಲ ಹಿಗ್ಗಿಸಿದರೂ ಮತ್ತೆ ಕಿರಿದಾಗುವ ಅನ್ನನಾಳ: ಸ್ಟೆಂಟ್ ಹಾಕಿಸಬೇಕೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನ್ನ ಅಕ್ಕ ಎಂಟು ತಿಂಗಳ ಹಿಂದೆ, ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದ ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ನೀರೆಂದು ತಿಳಿದು ಒಂದು ಗುಟುಕು ಕುಡಿದುಬಿಟ್ಟರು. ಅನ್ನನಾಳ ಕಿರಿದಾಗಿದೆಯೆಂದು ಎಂಡೋಸ್ಕೋಪಿ ಮೂಲಕ ಐದು ಸಲ ಬಲೂನಿನಿಂದ ಹಿಗ್ಗಿಸಿದ್ದಾರೆ. ಪ್ರತಿ ಸಲವೂ ಹತ್ತು ದಿನ ಮೆತ್ತಗಿನ ಅನ್ನ ಇಳಿಯುತ್ತದೆ, ಆಮೇಲೆ ಗಂಜಿಯೂ ಕಷ್ಟ. ಈಗ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಕೊಳವೆ, ಹಾಕೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ನಮಸ್ಕಾರ. ಸುಟ್ಟ ಗಾಯ ಮಾಯುವಾಗ ಅಲ್ಲಿ ನಾರಿನಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಬಲೂನು ಅದನ್ನು ಹರಿದು ದಾರಿ ಮಾಡಿದರೂ, ಹರಿದದ್ದು ಮಾಯುವಾಗ ಮತ್ತೆ ಎಳೆದುಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆಯಂತೆ ಐದು ಸಲ ಹಿಗ್ಗಿಸಿದರೂ 14 ಮಿಲಿಮೀಟರ್ ಅಗಲ ಬಾರದಿದ್ದರೆ ಮಾತ್ರ ನಾವು ಅದನ್ನು ಚಿಕಿತ್ಸೆಗೆ ಬಗ್ಗದ ಸ್ಥಿತಿ ಎನ್ನುತ್ತೇವೆ. ಅಕ್ಕನವರಿಗೆ ಎಷ್ಟು ದಿನಕ್ಕೊಮ್ಮೆ ಮಾಡಿದರು, ಎಷ್ಟು ಅಗಲದವರೆಗೆ ಹೋದರು ಎಂಬುದನ್ನು ದಯವಿಟ್ಟು ತಿಳಿಸಿ.

ಪ್ರಶ್ನೆ: ಆಸ್ಪತ್ರೆ ದೂರವಾದ್ದರಿಂದ ಒಂದೂವರೆ ತಿಂಗಳಿಗೊಮ್ಮೆ ಹೋಗಿದ್ದೇವೆ. ಕೊನೆಯ ಚೀಟಿಯಲ್ಲಿ 11 ಮಿಲಿಮೀಟರ್ ಎಂದಿದೆ.

ಉತ್ತರ: ಹಾಗಾದರೆ ಸ್ಟೆಂಟಿಗೆ ಈಗಲೇ ಆತುರ ಬೇಡವೆಂದು ನನಗೆ ಅನಿಸುತ್ತದೆ. ಅಂತರ ಹೆಚ್ಚಾದಾಗ ಪ್ರತಿ ಸಲವೂ ಮೊದಲಿನಿಂದ ಆರಂಭಿಸಿದಂತಾಗುತ್ತದೆ. ಎರಡು ವಾರಕ್ಕೊಮ್ಮೆ, ಬೇಕಾದರೆ ವಾರಕ್ಕೊಮ್ಮೆ, ಒಂದೊಂದೇ ಮಿಲಿಮೀಟರ್ ಮೇಲೇರುತ್ತ ಹಿಗ್ಗಿಸಿ, ಜೊತೆಗೆ ಆ ಗಟ್ಟಿ ಅಂಗಾಂಶದ ನಾಲ್ಕೂ ದಿಕ್ಕಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುವುದು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಚಾಕುವಿನಂಥ ಸಲಕರಣೆಯಿಂದ ಕತ್ತರಿಸುವ ವಿಧಾನ ಉಂಗುರದಂಥ ಗಿಡ್ಡ ಕಿರಿದಾಗುವಿಕೆಗೆ, ಮುಖ್ಯವಾಗಿ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ಜಾಗಕ್ಕೆ, ಹೊಂದುತ್ತದೆ. ಉದ್ದಕ್ಕೆ ಸುಟ್ಟ ಅನ್ನನಾಳಕ್ಕೆ ಅಲ್ಲ. ಇವೆಲ್ಲ ಸೋತರೆ ಪೂರ್ತಿ ಹೊದಿಕೆಯಿರುವ ಸ್ಟೆಂಟನ್ನು ಆರೆಂಟು ವಾರ, ಹೆಚ್ಚೆಂದರೆ ಹನ್ನೆರಡು ವಾರ ಇಟ್ಟು ತೆಗೆಯುತ್ತಾರೆ. ಅದು ಜಾಗ ಬಿಟ್ಟು ಜಾರುವುದು, ಎದೆನೋವು ತರುವುದು, ತೆಗೆದ ಮೇಲೆ ದಾರಿ ಮತ್ತೆ ಮುಚ್ಚುವುದು ಅಪರೂಪವಲ್ಲ.

ಇನ್ನೊಂದು ಮಾತು. ಆ್ಯಸಿಡ್ ಅನೇಕರಲ್ಲಿ ಜಠರದ ಹೊರದಾರಿಯನ್ನೂ ಕಿರಿದಾಗಿಸುತ್ತದೆ. ಉಂಡು ಕೆಲವು ಗಂಟೆಗಳಾದ ಮೇಲೆ ವಾಂತಿಯಾಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿದ್ದರೆ ಸದ್ಯ ಬಿಡಿಸಿ. ತೂಕ ಇಳಿಯುತ್ತಿದ್ದರೆ ಟ್ಯೂಬಿನ ಆಹಾರಕ್ಕೆ ಹಿಂಜರಿಯಬೇಡಿ. ಹಿಗ್ಗಿಸಿದ ಮೇಲೆ ತೀವ್ರ ಎದೆನೋವು, ಜ್ವರ, ಉಸಿರಾಟದ ತೊಂದರೆ ಅಥವಾ ಕುತ್ತಿಗೆಯಲ್ಲಿ ಊತ ಕಂಡರೆ ಅನ್ನನಾಳ ತೂತಾಗಿರಬಹುದು. ಬೆಳಗಾಗಲೆಂದು ಕಾಯದೆ, ಬಾಯಿಗೆ ಏನೂ ಕೊಡದೆ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.