ಟೋಕಿಯೋದಲ್ಲಿ ಒಂದು ದಿನ ಖಾಲಿ: ಹಗಲು ದೇಗುಲ, ರಾತ್ರಿ ಶಿಂಜುಕು, ಆಗುತ್ತಾ?

ಪ್ರಶ್ನೆ: ಬುಕಿಂಗ್ ಏನೂ ಇಲ್ಲ. ಬೆಳಗ್ಗೆ ಸೆನ್ಸೋಜಿ ದೇಗುಲ, ಮಧ್ಯಾಹ್ನ ಮೇಜಿ ಜಿಂಗು ದೇಗುಲ, ರಾತ್ರಿ ಶಿಂಜುಕುವಿನ ಬಾರ್ ಗಲ್ಲಿ ಗೋಲ್ಡನ್ ಗಾಯ್. ಎಲ್ಲಿ ಎಡವಟ್ಟಾಗಬಹುದು?

ಉತ್ತರ 1: ಆರಾಮಾಗಿ ಆಗುತ್ತೆ. ಸೆನ್ಸೋಜಿಗೆ ಏಳರೊಳಗೆ ಹೋಗಿ, ಜನ ಕಡಿಮೆ, ಪ್ರವೇಶ ಉಚಿತ. ಭವಿಷ್ಯದ ಚೀಟಿ ತೆಗೆಯೋಕೆ 100 ಯೆನ್ ನಾಣ್ಯ ಇಟ್ಕೊಳ್ಳಿ: ಡಬ್ಬಿ ಅಲ್ಲಾಡಿಸಿದರೆ ನಂಬರಿರುವ ಕಡ್ಡಿ ಹೊರಬರುತ್ತೆ, ಅದೇ ನಂಬರಿನ ಡ್ರಾಯರ್‌ನಲ್ಲಿ ಚೀಟಿ. ಕೆಟ್ಟದ್ದು ಬಂದರೆ ಅಲ್ಲೇ ಇರುವ ಕಂಬಿಗೆ ಕಟ್ಟಿಬಿಡಿ. ಆಮೇಲೆ ಗಿಂಜಾ ಲೈನ್‌ನಲ್ಲಿ ಒಮೊತೆಸಾಂದೊ, ಅಲ್ಲಿಂದ ಚಿಯೊದಾ ಲೈನ್‌ನಲ್ಲಿ ಮೇಜಿ ಜಿಂಗುಗೆ ಒಂದೇ ಸ್ಟೇಷನ್. ಮೇಜಿ ಜಿಂಗು ಸೂರ್ಯಾಸ್ತಕ್ಕೆ ಮುಚ್ಚುತ್ತೆ, ಡಿಸೆಂಬರ್‌ನಲ್ಲಿ 4ಕ್ಕೇ. ಬಹಳ ಜನ ಎಡವೋದು ಇಲ್ಲೇ.

ಉತ್ತರ 2: ಸೆನ್ಸೋಜಿ ಬೌದ್ಧರದು, ಬರೀ ಕೈಮುಗಿಯಿರಿ. ಮೇಜಿ ಜಿಂಗು ಜಪಾನಿನದೇ ಧರ್ಮವಾದ ಶಿಂಟೊದ್ದು: ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗಿ.

ಉತ್ತರ 3: ಮೇಜಿ ಜಿಂಗು ಪಕ್ಕದ ಹರಾಜುಕು ಸ್ಟೇಷನ್‌ನಿಂದ ಶಿಂಜುಕು ಯಾಮನೋತೆ ಲೈನ್‌ನಲ್ಲಿ ಎರಡನೇ ಸ್ಟೇಷನ್. ಗೋಲ್ಡನ್ ಗಾಯ್‌ನ ಬಾರ್‌ಗಳು ತೀರಾ ಚಿಕ್ಕವು, ಹಲವು ಕಡೆ ಕುಡಿತದ ಬಿಲ್ ಬಿಟ್ಟು ಸೀಟಿಗೇ ಬೇರೆ ದುಡ್ಡು. ಬಾಗಿಲಲ್ಲಿರುವ ಬೋರ್ಡ್ ಓದಿ ಒಳಗೆ ಹೋಗಿ, ನಗದು ಇರಲಿ. ಗೋಲ್ಡನ್ ಗಾಯ್ ಇರುವ ಮೋಜಿನ ಬಡಾವಣೆ ಕಬುಕಿಚೋದಲ್ಲಿ ರಸ್ತೆಯಲ್ಲಿ ಕರೆಯುವವರ ಹಿಂದೆ ಹೋಗಲೇಬೇಡಿ, ಬಿಲ್ ಸುಲಿಗೆ ಆಗೋದು ಹಾಗೇ. ರೈಲು ಮಧ್ಯರಾತ್ರಿ ಸುಮಾರಿಗೆ ನಿಂತರೆ ಮತ್ತೆ ಬೆಳಗಿನ ಜಾವವೇ. ರಾತ್ರಿ ಟ್ಯಾಕ್ಸಿ ದರವೂ ಹೆಚ್ಚು.